ಸೀಸೆಯೊಳಗಿನ ಗಾಳಿ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವವರು ಅರಸರು, ದಂಡನಾಯಕರು. ಅಡಿಗೆಮನೆಯ ಮೂಲೆಯಲ್ಲಿ, ನೆಲಮಾಳಿಗೆಯ ಕತ್ತಲಲ್ಲಿ ನಡೆದುಹೋದ ಸಂಗತಿಗಳಿಗೂ ಒಂದು ಚರಿತ್ರೆಯುಂಟು. ಅಂಥದೊಂದನ್ನು, ಬೀರಿನ ಸೀಸೆಯಲ್ಲಿ ಗುಳ್ಳೆ ನಿಂತ ಕಥೆಯನ್ನು, ಈ ಹೊತ್ತು ಹೇಳಬಯಸುತ್ತೇನೆ. ಕುಡಿತದ ಗುಣದೋಷಗಳ ವಿಚಾರ ಬೇರೆ. ಅದು ಇಲ್ಲಿಯ ಮಾತಲ್ಲ. ತಾನು ಅರಿಯದ ಶಕ್ತಿಯೊಂದನ್ನು ಮನುಷ್ಯನು ಗಾಜಿನೊಳಗೆ ಕೂಡಿಹಾಕಲು ಕಲಿತ ಬಗೆ ಎಂಥದು ಎಂಬುದಷ್ಟೇ ನನ್ನ ಕುತೂಹಲ.

ಮೊದಲು ವಿಷಯದ ತಿರುಳನ್ನು ನೋಡೋಣ. ಮೊಳಕೆ ಬರಿಸಿದ ಜವೆಗೋಧಿಯಿಂದ ತೆಗೆದ ಸಿಹಿರಸಕ್ಕೆ ಯೀಸ್ಟ್ ಸೇರಿದರೆ, ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹುಟ್ಟಿಸುತ್ತದೆ. ತೆರೆದ ಪಾತ್ರೆಯಾದರೆ ಈ ಗಾಳಿಯ ಬಹುಪಾಲು ಹಾರಿಹೋಗಿ ಬೀರು ಸಪ್ಪೆಯಾಗುತ್ತದೆ. ಹುದುಗು ಅಡಗಿದ ಮೇಲೆ ಮತ್ತೆ ತುಸು ಸಕ್ಕರೆ ಬೆರೆಸಿ, ಸೀಸೆಗೆ ತುಂಬಿ, ಬಿರಟೆ ಬಿಗಿದರೆ, ಅಳಿದುಳಿದ ಯೀಸ್ಟ್ ಇನ್ನೊಮ್ಮೆ ಎಚ್ಚರಗೊಳ್ಳುತ್ತದೆ. ಈ ಸಲ ಗಾಳಿಗೆ ಹಾದಿಯಿಲ್ಲ. ಅದು ದ್ರವದಲ್ಲೇ ಕರಗಿದ್ದು, ಬಿರಟೆ ತೆಗೆದಾಗ ಗುಳ್ಳೆಗಳಾಗಿ ಮೇಲೇಳುತ್ತದೆ. ನಮ್ಮ ಊರುಗಳ ಗೋಲಿ ಸೋಡದಲ್ಲಿರುವುದೂ ಇದೇ ವಾಯು. ಆದರೆ ಅಲ್ಲಿ ಯಂತ್ರ ಅದನ್ನು ಹೊರಗಿನಿಂದ ಒತ್ತಿ ತುಂಬುತ್ತದೆ; ಇಲ್ಲಿ ಅದು ಒಳಗೇ ಹುಟ್ಟುತ್ತದೆ. ಹೊರಗಿನಿಂದ ತುಂಬುವವನು ಸಾಕೆನಿಸಿದಾಗ ಕೈ ತೆಗೆಯಬಲ್ಲ. ಒಳಗೆ ಹುಟ್ಟುವುದನ್ನು ತಡೆಯುವವರಾರು? ತೊಡಕೆಲ್ಲ ಇರುವುದು ಇಲ್ಲಿ.

ಈ ತೊಡಕಿನ ಅರಿವು ಮೊದಲು ಬಂದದ್ದು ಸದ್ದಿನ ರೂಪದಲ್ಲಿ. ಇಂಗ್ಲೆಂಡಿನ ತಾಮಸ್ ಫುಲ್ಲರನ ಗ್ರಂಥವೊಂದು ಅವನ ಮರಣಾನಂತರ 1662ರಲ್ಲಿ ಅಚ್ಚಾಯಿತು. ಅದರಲ್ಲಿ ಅಲೆಕ್ಸಾಂಡರ್ ನೋವೆಲ್ ಎಂಬ 16ನೆಯ ಶತಮಾನದ ಧರ್ಮಗುರುವಿನ ಕಥೆಯಿದೆ. ಮೀನು ಹಿಡಿಯುವುದರಲ್ಲಿ ಬಲು ಆಸಕ್ತಿಯಿದ್ದ ಈತ ಒಮ್ಮೆ ಏಲ್ ತುಂಬಿದ ಸೀಸೆಯನ್ನು ಹುಲ್ಲಿನಲ್ಲಿ ಮರೆತನಂತೆ. ಕೆಲವು ದಿನಗಳ ಮೇಲೆ ತೆರೆದಾಗ ಅದು ಕೋವಿಯಂತೆ ಸದ್ದುಮಾಡಿತಂತೆ. ಇದು ಕಟ್ಟುಕಥೆಯೇ ಇರಬಹುದು. ಆದರೆ ಸೀಸೆಯ ಬೀರು ಸಿಡಿಯುತ್ತದೆಂಬ ಅನುಭವ ಜನಕ್ಕಿತ್ತೆಂಬುದಕ್ಕೆ ಗಟ್ಟಿಯಾದ ಸಾಕ್ಷಿಯೂ ಇದೆ. ಗರ್ವೇಸ್ ಮಾರ್ಕಮ್ 1615ರಲ್ಲಿ ಗೃಹಿಣಿಯರಿಗಾಗಿ ಬರೆದ ಕೈಪಿಡಿಯಲ್ಲಿ, ಕಿರಿಬಾಯಿಯ ಸೀಸೆಗಳಿಗೆ ಏಲ್ ತುಂಬಿ, ತಂಪು ನೆಲಮಾಳಿಗೆಯ ಮರಳಿನಲ್ಲಿ ಅರ್ಧ ಹುಗಿದು, ಬಿರಟೆ ಮೇಲೇಳದಂತೆ ಗಟ್ಟಿ ದಾರದಿಂದ ಬಿಗಿಯಬೇಕೆಂದಿದ್ದಾನೆ. ಒಳಗೆ ಏನು ನಡೆಯುತ್ತಿದೆಯೆಂದು ಆ ಗೃಹಿಣಿಯರಿಗೆ ತಿಳಿದಿರಲಿಲ್ಲ. ಏನು ಮಾಡಬೇಕೆಂಬುದು ತಿಳಿದಿತ್ತು.

ಅದೇ 1615ರಲ್ಲಿ ದೊರೆ ಜೇಮ್ಸ್ ಗಾಜಿನ ಕುಲುಮೆಗಳಿಗೆ ಸೌದೆ ಉರಿಸಕೂಡದೆಂದು ಆಜ್ಞೆ ಹೊರಡಿಸಿದ. ಅವನ ಚಿಂತೆ ಹಡಗುಗಳಿಗೆ ಬೇಕಾದ ಮರದ್ದು, ಬೀರಿನದಲ್ಲ. ಆದರೆ ಕುಲುಮೆಗಳು ಕಲ್ಲಿದ್ದಲಿಗೆ ತಿರುಗಿದವು, ಕಾವು ಏರಿತು, ಮುಂದಿನ ದಶಕಗಳಲ್ಲಿ ದಪ್ಪನೆಯ, ಗಟ್ಟಿಯಾದ ಸೀಸೆಗಳು ಹೊರಬಂದವು. ಒಂದು ಕಾಲದ ನಿರ್ಧಾರ ತಾನೆಣಿಸದ ಫಲವನ್ನು ಕೊಡುವುದು ಹೀಗೆ.

ಸಕ್ಕರೆಯೂ ಗಾಜೂ ಒಬ್ಬನ ಬರವಣಿಗೆಯಲ್ಲಿ ಕೂಡಿದ್ದು 1662ರಲ್ಲಿ. ವೈದ್ಯ ಕ್ರಿಸ್ಟೊಫರ್ ಮೆರೆಟ್ ಆ ವರ್ಷ ಇಟಲಿಯ ಆಂಟೋನಿಯೊ ನೇರಿಯ ಗಾಜಿನ ಕೈಗಾರಿಕೆಯ ಗ್ರಂಥವನ್ನು ಇಂಗ್ಲಿಷಿಗೆ ತಂದ. ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನೂ ಮಂಡಿಸಿದ. ಪೀಪಾಯಿಯ ಕೆಲಸಗಾರರು ಎಲ್ಲ ಬಗೆಯ ವೈನಿಗೂ ಸಕ್ಕರೆ, ಕಾಕಂಬಿಗಳನ್ನು ಧಾರಾಳವಾಗಿ ಬೆರೆಸಿ ಅದನ್ನು ಚುರುಕುಗೊಳಿಸುತ್ತಾರೆಂದು ಅದರಲ್ಲಿದೆ. ಇದು ತನ್ನ ಶೋಧವೆಂದು ಅವನು ಹೇಳಲಿಲ್ಲ. ಕೆಲಸಗಾರರ ರೂಢಿಯನ್ನು ದಾಖಲೆ ಮಾಡಿದ. ಅವರ ಹೆಸರುಗಳು ಉಳಿದಿಲ್ಲ. ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲೆಂಡಿಗಾಗಿ ಕಬ್ಬು ಬೆಳೆದ ಆಫ್ರಿಕದ ಗುಲಾಮರ ಹೆಸರುಗಳಂತೂ ಉಳಿಯಲೇ ಇಲ್ಲ. ಶಾಂಪೇನಿನ ಗುಳ್ಳೆಗಳ ಕೀರ್ತಿಯನ್ನು ಲೋಕವು ಪಾದ್ರಿ ಪೆರಿನ್ಯೋನನಿಗೆ ಕೊಟ್ಟಿದೆ. ಅವನು ಓವಿಲೆ ಮಠಕ್ಕೆ ಬಂದದ್ದು 1668ರಲ್ಲಿ, ಅಂದರೆ ಮೆರೆಟನ ಪ್ರಬಂಧವಾಗಿ 6 ವರ್ಷಗಳ ಮೇಲೆ.

ಸಕ್ಕರೆ ಸಿಕ್ಕಿತು, ಗಾಜು ಸಿಕ್ಕಿತು. ಅಳತೆ ಮಾತ್ರ ಸಿಗಲಿಲ್ಲ. ಅದರ ಬೆಲೆಯನ್ನು ತೆತ್ತವರು ಫ್ರಾನ್ಸಿನ ಶಾಂಪೇನ್ ಸೀಮೆಯ ನೆಲಮಾಳಿಗೆಗಳ ಕೂಲಿಗಳು. ಒಂದು ಸೀಸೆ ಸಿಡಿದರೆ ಅದರ ಚೂರು ಪಕ್ಕದ್ದನ್ನು ಒಡೆಯುತ್ತಿತ್ತು. ಕಣ್ಣು ಉಳಿಸಿಕೊಳ್ಳಲು ಅವರು ಮುಖಕ್ಕೆ ಕಬ್ಬಿಣದ ತಂತಿಯ ಮುಸುಕು ಕಟ್ಟಿಕೊಂಡು ಒಳಗಿಳಿಯುತ್ತಿದ್ದರು. 1836ರಲ್ಲಿ ಶಾಲೋನ್ ಪಟ್ಟಣದ ಔಷಧ ವ್ಯಾಪಾರಿ ಫ್ರಾಂಸ್ವಾ, ವೈನಿನಲ್ಲಿ ಮೊದಲೇ ಉಳಿದಿರುವ ಸಕ್ಕರೆಯನ್ನು ಅಳೆದು, ಇನ್ನೆಷ್ಟು ಸೇರಿಸಬೇಕೆಂದು ಲೆಕ್ಕ ಹಾಕುವ ಕ್ರಮವನ್ನು ಪ್ರಕಟಿಸಿದ. ಅದು ರೂಢಿಗೆ ಬಂದಂತೆ ಸಿಡಿತ ಇಳಿಯಿತು. ಹುದುಗುವಿಕೆ ಜೀವಿಯ ಕೆಲಸವೆಂದು ಲೂಯಿ ಪಾಸ್ಚರ್ ಬಲವಾಗಿ ಪ್ರತಿಪಾದಿಸಿದ್ದು 1857ರಿಂದ ಈಚೆಗೆ. ಬೀರಿನ ಕುರಿತ ಅವನ ಗ್ರಂಥ 1876ರದು. ತಿಳಿವಳಿಕೆ ಪೂರ್ಣವಾಗುವ ಮುನ್ನವೇ ತಕ್ಕಡಿ ಕಣ್ಣುಗಳನ್ನು ಕಾಯ್ದಿತ್ತು.

ಇಂದು ಆ ಲೆಕ್ಕ ಮನೆಯವರೆಗೂ ಬಂದಿದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಬೀರು ಮಾಡಲು 1880ರಿಂದ ಬೇಕಾಗಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಅಮೆರಿಕದಲ್ಲಿ 1978ರ ಕಾಯಿದೆ ಇದಕ್ಕೆ ಹಾದಿ ತೆರೆಯಿತು. ಅಲ್ಲಿ ಮನೆಯಲ್ಲಿ ಬೀರು ಮಾಡುವವರು ಸಕ್ಕರೆಯನ್ನು ಚಮಚದಲ್ಲಿ ಅಂದಾಜು ಮಾಡುವುದಕ್ಕಿಂತ ತೂಗುವುದೇ ಲೇಸೆಂದು ಬಲ್ಲರು. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಗ್ರಾಂ ಗಾಳಿ ಹುಟ್ಟುತ್ತದೆ. ಲೀಟರಿಗೆ 6 ಗ್ರಾಂ ಬೆರೆಸಿದರೆ, ಬೀರಿನಲ್ಲಿ ಮೊದಲೇ ಉಳಿದದ್ದೂ ಸೇರಿ, ಅದರ ಗಾತ್ರದ ಎರಡೂವರೆಯಷ್ಟರ ಹತ್ತಿರದ ಗಾಳಿ ಒಳಗೆ ಸೇರುತ್ತದೆ. ಸಾಮಾನ್ಯ ಬೀರಿಗೆ ಇಷ್ಟು ಸಾಕು. ಮೊದಲ ಹುದುಗು ಮುಗಿಯದೆ ತುಂಬಿದರೆ ಈ ಲೆಕ್ಕವೂ ಕೆಡುತ್ತದೆ. ಉಳಿದ ಸಕ್ಕರೆಯೂ ಸೇರಿ ಸೀಸೆ ಸಿಡಿಯುತ್ತದೆ. ತುಂಬಿದ ಮೇಲೆ ಸುಮಾರು ಎರಡು ವಾರ ಹಿತವಾದ ಬೆಚ್ಚಗಿನಲ್ಲಿಟ್ಟು ಕಾಯಬೇಕು.

ಒಬ್ಬ ಗೃಹಿಣಿಯ ದಾರ, ಒಬ್ಬ ದೊರೆಯ ಆಜ್ಞೆ, ಹೆಸರಿಲ್ಲದ ಕೆಲಸಗಾರರ ಕಾಕಂಬಿ, ಒಬ್ಬ ಔಷಧ ವ್ಯಾಪಾರಿಯ ಲೆಕ್ಕ: ಇವೆಲ್ಲ ಸೇರಿ ಆದ ಕೆಲಸವಿದು. ಇದನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಒಂದೇ ಹೆಸರು ಹೇಳಲು ನನಗೆ ಬಾಯಿ ಬಾರದು. ಆ ಕೀರ್ತಿ ಹಂಚಿಹೋಗಬೇಕಾದದ್ದು. ಅದರಲ್ಲೊಂದು ಪಾಲು, ಮುಸುಕು ಕಟ್ಟಿ ನೆಲಮಾಳಿಗೆಗೆ ಇಳಿದ ಕೂಲಿಗಳಿಗೂ ಸಲ್ಲಬೇಕು.