ಒಂದಾದ ಮೇಲೆ: ಇಟಲಿಯ ಪಾಠ ಮತ್ತು ನಮ್ಮ ಸೀಮೆಯ ಅನುಭವ



ಇಟಲಿಯ ಏಕೀಕರಣದ ಪಾಠವನ್ನು ನೀವು ಓದಿದ್ದೀರಿ. ಮ್ಯಾಝಿನಿ, ಕವೂರ್, ಗ್ಯಾರಿಬಾಲ್ಡಿ ಇವರ ಸಾಹಸಗಳು ನಿಮಗೆ ಗೊತ್ತು. 1861ರ ಮಾರ್ಚ್ 17ರಂದು ಇಟಲಿ ರಾಜ್ಯದ ಘೋಷಣೆಯಾಯಿತು. 1866ರಲ್ಲಿ ವೆನಿಸ್, 1870ರಲ್ಲಿ ರೋಮ್ ಸೇರಿಕೊಂಡವು. ಪಾಠ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಒಂದಾದ ಜನರ ತೊಂದರೆಗಳು ಶುರುವಾದದ್ದು ಅಲ್ಲಿಂದಲೇ.

ಉತ್ತರದ ಪೀಡ್‌ಮಾಂಟ್ ರಾಜ್ಯದ ಕಾಯ್ದೆ, ಆಡಳಿತ, ತೆರಿಗೆಗಳನ್ನು ಇಡೀ ದೇಶಕ್ಕೆ ವಿಸ್ತರಿಸಲಾಯಿತು. ದಕ್ಷಿಣದ ನೇಪಲ್ಸ್ ಮತ್ತು ಸಿಸಿಲಿಯ ಬಡರೈತನಿಗೆ ಹೊಸ ಸರಕಾರವೆಂದರೆ ಕಡ್ಡಾಯ ಸೈನ್ಯಸೇವೆ ಮತ್ತು ಹೊಸ ತೆರಿಗೆ ಎಂದೇ ಅರ್ಥವಾಯಿತು. ಮಾರಾಟಕ್ಕೆ ಬಂದ ಚರ್ಚಿನ ಜಮೀನು ಬಹುಪಾಲು ಹಣವಂತರ ಕೈ ಸೇರಿತು. ದಕ್ಷಿಣದಲ್ಲಿ ದಂಗೆಗಳೆದ್ದವು, ಅವುಗಳನ್ನು ಅಡಗಿಸಲು ಸೈನ್ಯ ಹಲವು ವರ್ಷ ಹೋರಾಡಿತು. 1869ರಿಂದ ಗಿರಣಿಯಲ್ಲಿ ಬೀಸುವ ಹಿಟ್ಟಿಗೂ ತೆರಿಗೆ ಬಂತು. ಮತದಾನದ ಹಕ್ಕಿದ್ದದ್ದು ನೂರರಲ್ಲಿ ಸುಮಾರು ಇಬ್ಬರಿಗೆ. ನೂರರಲ್ಲಿ ಸುಮಾರು 75 ಮಂದಿಗೆ ಓದುಬರಹ ಇರಲಿಲ್ಲ. ಭೂಪಟ ಒಂದಾಗಿತ್ತು, ಬದುಕು ಒಂದಾಗಿರಲಿಲ್ಲ.

ಇಂಥ ಸಮಸ್ಯೆಗಳು ನಮ್ಮ ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲೂ ಇದ್ದವೇ? ಇದ್ದವು, ಒಮ್ಮೆಯಲ್ಲ, ಎರಡು ಬಾರಿ.

ಮೊದಲನೆಯದು ಜನರನ್ನು ಕೇಳದೆ ಮಾಡಿದ ಜೋಡಣೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿನ ಅರಸರ ಕೆಳಗಿದ್ದ ಅಮರ ಸುಳ್ಯ, ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯ ತನಕ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕಂಪೆನಿ ನಗದು ಕೇಳಿತು. ಹಣದ ಓಡಾಟವೇ ಕಡಿಮೆಯಿದ್ದ ಕಾಡುಸೀಮೆಯಲ್ಲಿ ನಗದು ತರುವುದೆಲ್ಲಿಂದ? ಬೆಳೆಯನ್ನು ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಈ ಸಂಕಟವೂ ಸೇರಿ 1837ರ ಅಮರ ಸುಳ್ಯದ ದಂಗೆಗೆ ಕಾರಣವಾಯಿತು. ಬಂಡಾಯಗಾರರು ಮಂಗಳೂರಿನವರೆಗೆ ದಂಡೆತ್ತಿ ಹೋಗಿ ಕೆಲವು ದಿನ ಪಟ್ಟಣವನ್ನು ಹಿಡಿದಿಟ್ಟರು. ಕೊನೆಗೆ ಕಂಪೆನಿಯ ಸೈನ್ಯ ದಂಗೆಯನ್ನು ಅಡಗಿಸಿತು. ಇಟಲಿಯ ದಕ್ಷಿಣದ ರೈತ ಸಿಟ್ಟೆದ್ದದ್ದು ಇದಾದ ಎರಡೂವರೆ ದಶಕಗಳ ಬಳಿಕ.

ಎರಡನೆಯದು ಜನರೇ ಬಯಸಿ ಪಡೆದ ಏಕೀಕರಣ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದವು. ಅಂದು ಮೈಸೂರು ರಾಜ್ಯವೆಂದೇ ಇದ್ದ ಹೆಸರು 1973ರಲ್ಲಿ ಕರ್ನಾಟಕವೆಂದಾಯಿತು. ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನಿಂದ ಬಂತು. ಸಂತೋಷದ ಜೊತೆಗೆ ತೊಂದರೆಗಳೂ ಬಂದವು.

ರಾಜಕೀಯ ತೊಂದರೆ

ಅದೇ ದಿನ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಪಯಸ್ವಿನಿ ನದಿಯನ್ನು ನೆನಪಿಸಿಕೊಳ್ಳಿ. ಕೊಡಗಿನ ಕಡೆಯಿಂದ ಇಳಿದು, ಸುಳ್ಯ ಪೇಟೆಯ ಪಕ್ಕದಲ್ಲಿ ಹರಿದು, ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ನದಿ ಒಂದೇ, ಆದರೆ ರಾಜ್ಯಗಳು ಎರಡಾದವು. ಆಚೆ ಕೊಟ್ಟ ಹೆಣ್ಣುಮಕ್ಕಳ ಮನೆ, ಕುಟುಂಬದ ತರವಾಡು, ಹಳೆಯ ಜಮೀನು ಎಲ್ಲವೂ ಗಡಿಯಾಚೆ ಉಳಿದವು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕೊನೆಯ ತನಕ ಈ ನೋವಿಗೆ ದನಿಯಾಗಿದ್ದರು.

ಆರ್ಥಿಕ ತೊಂದರೆ

ಐದು ಆಡಳಿತಗಳಲ್ಲಿ ಐದು ಬಗೆಯ ಕಂದಾಯ ಪದ್ಧತಿಗಳಿದ್ದವು. ನಮ್ಮ ಅಡಿಕೆ ತೋಟಕ್ಕೆ ಸೊಪ್ಪು ಬರುವುದು ತೋಟದಂಚಿನ ಕುಮ್ಕಿ ಜಾಗದಿಂದ. ಕುಮ್ಕಿ ಮದರಾಸಿನ ಕಾಲದ ಸವಲತ್ತು. ಘಟ್ಟದ ಮೇಲಿನ ಬಯಲುಸೀಮೆಯ ಅಧಿಕಾರಿಗೆ ಅಪರಿಚಿತ ಪದ. ಎಲ್ಲ ಕಡೆಗೂ ಒಂದೇ ಅಚ್ಚು ಹೊಡೆದಿದ್ದರೆ ಪೀಡ್‌ಮಾಂಟ್ ಮಾಡಿದ ತಪ್ಪು ಇಲ್ಲಿಯೂ ಆಗುತ್ತಿತ್ತು. ಹಾಗಾಗಲಿಲ್ಲ. 1964ರ ಭೂಕಂದಾಯ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ಆದರೂ, ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆ ಇಂಥ ಸ್ಥಳೀಯ ಸವಲತ್ತುಗಳನ್ನು ಉಳಿಸಿತು.

ಗೇಣಿಯ ಪ್ರಶ್ನೆ ಇನ್ನೂ ದೊಡ್ಡದು. ಮೂಲಗೇಣಿದಾರನಿಗೆ ಸ್ವಲ್ಪ ಭದ್ರತೆಯಿತ್ತು. ಚಾಲಗೇಣಿದಾರನನ್ನು ಧಣಿ ಎಬ್ಬಿಸಬಹುದಿತ್ತು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಒಕ್ಕಲುಗಳು ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟು ಉಳುವ ನೆಲಕ್ಕೆ ಒಡೆಯರಾದರು. ಇಟಲಿಯ ದಕ್ಷಿಣದ ರೈತನಿಗೆ ಸಿಗದೆ ಹೋದದ್ದು ಇದೇ. ಆದರೆ ಒಂದು ಮಾತು: ಕೈಯಲ್ಲಿ ಗೇಣಿಚೀಟು ಇಲ್ಲದೆ ಬರೀ ಕೂಲಿಗೆ ದುಡಿದವರಿಗೆ ಈ ಕಾಯ್ದೆಯಿಂದ ಅಷ್ಟು ಪ್ರಯೋಜನವಾಗಲಿಲ್ಲ.

ರಾಜಧಾನಿಯ ದಾರಿಯೂ ಒಂದು ತೊಂದರೆಯೇ ಆಗಿತ್ತು. ಮಂಗಳೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಕೇರಳ, ತಮಿಳುನಾಡುಗಳನ್ನು ಸುತ್ತಬೇಕಿತ್ತು. ಪುತ್ತೂರು, ಸುಬ್ರಹ್ಮಣ್ಯ ರೋಡ್ ಮೂಲಕ ಘಟ್ಟ ಹತ್ತುವ ಹಾಸನ ಮಾರ್ಗ ಪೂರ್ತಿಯಾದದ್ದು 1979ರಲ್ಲಿ, ಅಂದರೆ ಏಕೀಕರಣವಾಗಿ 23 ವರ್ಷಗಳ ಮೇಲೆ. ಗಡಿ ಒಡೆದ ಬೆಳೆಗಾರರನ್ನು ಮತ್ತೆ ಕೂಡಿಸಿದ್ದು ಸಹಕಾರ. ಅಡಿಕೆಯ ಬೆಲೆ ಕುಸಿತದ ಅನುಭವದಿಂದ 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಕ್ಯಾಂಪ್ಕೋ ಹುಟ್ಟಿತು. ಅದರ ಚಾಕಲೇಟ್ ಕಾರ್ಖಾನೆ 1986ರಲ್ಲಿ ಪುತ್ತೂರಿನಲ್ಲಿ ಆರಂಭವಾಯಿತು.

ಸಾಮಾಜಿಕ ತೊಂದರೆ

ಇಟಲಿಯಲ್ಲಿ ಬರಹದ ಭಾಷೆ ಒಂದು, ಮನೆಯ ಮಾತು ಹಲವು. ನಮ್ಮಲ್ಲೂ ಹಾಗೆಯೇ. ಸುಳ್ಯದ ಒಂದು ತರಗತಿಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ ಮನೆಮಾತಿನ ಮಕ್ಕಳು ಒಟ್ಟಿಗೆ ಕೂತು ಕನ್ನಡದಲ್ಲಿ ಪಾಠ ಕೇಳಬಹುದು. ಕನ್ನಡ ಇವರನ್ನು ಕೂಡಿಸಿತು. ಆದರೆ ಮನೆಮಾತಿಗೂ ಗೌರವ ಬೇಕೆಂಬ ಬೇಡಿಕೆಗೆ ಉತ್ತರ ನಿಧಾನವಾಗಿ ಬಂತು. ತುಳು ಅಕಾಡೆಮಿ 1994ರಲ್ಲಿ, ಅರೆಭಾಷೆ ಅಕಾಡೆಮಿ 2011ರಲ್ಲಿ ಸ್ಥಾಪನೆಯಾದವು.

ನಮ್ಮ ಸೀಮೆಯಷ್ಟೇ ನೋಡಿದರೆ ಸಾಲದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಹೈದರಾಬಾದಿನಿಂದ ಬಂದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಡುವ ಸಂವಿಧಾನ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿದ್ದು 2012ರಲ್ಲಿ.

ಇಟಲಿಗೂ ನಮಗೂ ಇರುವ ಮುಖ್ಯ ವ್ಯತ್ಯಾಸ ಇದು: ಇಲ್ಲಿ ಏಕೀಕರಣಕ್ಕೆ ಮೊದಲೇ, 1951-52ರ ಚುನಾವಣೆಯಲ್ಲಿ, ವಯಸ್ಕರೆಲ್ಲರ ಕೈಗೂ ಮತಪತ್ರ ಬಂದಿತ್ತು. ದೂರನ್ನು ಹೇಳಲು ಬಂದೂಕು ಹಿಡಿಯಬೇಕಾಗಿರಲಿಲ್ಲ. ಒಂದು ನಾಡು ಒಂದೇ ದಿನದಲ್ಲಿ ಘೋಷಣೆಯಾಗುತ್ತದೆ. ಅದು ಎಲ್ಲರದೂ ಆಗಲು ತಲೆಮಾರುಗಳು ಬೇಕು.

ಚರ್ಚೆಗೆ

1. 1837ರ ದಂಗೆಗೂ ಇಟಲಿಯ ದಕ್ಷಿಣದ ದಂಗೆಗಳಿಗೂ ಇರುವ ಹೋಲಿಕೆಗಳೇನು?

2. ರಾಜ್ಯಕ್ಕೆಲ್ಲ ಒಂದೇ ಕಾಯ್ದೆ ಮಾಡುವಾಗ ಸ್ಥಳೀಯ ಪದ್ಧತಿಗಳನ್ನು ಏಕೆ ಗಮನಿಸಬೇಕು?

3. ಗೇಣಿಯ ಕಾಲವನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರಿಂದ ಕೇಳಿ ತಿಳಿದು ಒಂದು ಪುಟ ಬರೆಯಿರಿ.