ಕಾಯಿಲೆಗೆ ಅಂಟಿದ ಹೆಸರು

ರೋಗಕ್ಕೆ ಇತಿಹಾಸವಿರುವಂತೆ ರೋಗಿಯ ತಿಳಿವಳಿಕೆಗೂ ಒಂದು ಇತಿಹಾಸವಿದೆ. ಹೆಚ್.ಐ.ವಿ. ಸೋಂಕಿನೊಂದಿಗೆ ಬದುಕುವ ಮಹಿಳೆಯರ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಏಡ್ಸ್ ಮೊದಲು ವರದಿಯಾದದ್ದು 1981ರಲ್ಲಿ, ಅಮೆರಿಕದಲ್ಲಿ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದರ ವೈರಾಣುವನ್ನು ಪತ್ತೆಹಚ್ಚಿದರು. ಭಾರತದಲ್ಲಿ ಅದು ಕಾಣಿಸಿದ್ದು 1986ರಲ್ಲಿ. ಮದ್ರಾಸಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ವೆಲ್ಲೂರಿನಲ್ಲಿ ಪರೀಕ್ಷೆ ನಡೆಯಿತು. ಹುಡುಕಿದ್ದು ಅವರಲ್ಲಿ, ಸಿಕ್ಕಿದ್ದೂ ಅವರಲ್ಲಿ. ಜನರ ಮನಸ್ಸಿನಲ್ಲಿ ಮಾತ್ರ ಅದು 'ನಡತೆಗೆಟ್ಟವರ ಕಾಯಿಲೆ' ಎಂದೇ ಉಳಿಯಿತು.

ಈ ಹೆಸರಿನ ಭಾರ ಹೊತ್ತವರಲ್ಲಿ ಗೃಹಿಣಿಯರೂ ಇದ್ದಾರೆ. ಗಂಡನಿಂದಲೇ ಸೋಂಕು ತಗುಲಿದ ಎಷ್ಟೋ ಮಹಿಳೆಯರಿಗೆ ವಿಷಯ ತಿಳಿಯುವುದು ಬಸಿರಿನ ತಪಾಸಣೆಯಲ್ಲಿ, ಇಲ್ಲವೇ ಗಂಡ ಹಾಸಿಗೆ ಹಿಡಿದಾಗ. ಆಗ ಅವರ ಮೊದಲ ಪ್ರಶ್ನೆ: "ನಾನೇನು ತಪ್ಪು ಮಾಡಿದೆ?"

ಸೋಂಕು ಹೇಗೆ ಬಂತೆಂದು ವೈದ್ಯರು ವಿವರಿಸಬಲ್ಲರು. ನನಗೇ ಏಕೆ ಬಂತು ಎಂಬುದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ. ಅಲ್ಲಿ ಹಣೆಬರಹ, ಕರ್ಮ, ದೈವದ ಮುನಿಸು ಎಂಬ ಮಾತುಗಳು ಬರುತ್ತವೆ. ಇದು ಬರಿಯ ಅಜ್ಞಾನವಲ್ಲ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವ ಕೈಯೇ ದೈವಕ್ಕೆ ಹರಕೆಯನ್ನೂ ಕಟ್ಟಬಹುದು. ರೋಗಿ ತನ್ನ ಕಾಯಿಲೆಯನ್ನು ಏನೆಂದು ಕರೆಯುತ್ತಾನೆ, ಯಾವುದಕ್ಕೆ ಹೆದರುತ್ತಾನೆ ಎಂದು ವೈದ್ಯರು ಕೇಳಲೇಬೇಕೆಂದು ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲೇ ವಾದಿಸಿದ್ದರು.

2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಸರ್ಕಾರದ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾಯಿತು. ಈ ಔಷಧಿ ವೈರಾಣುವನ್ನು ದೇಹದಿಂದ ಪೂರ್ಣ ತೊಲಗಿಸುವುದಿಲ್ಲ. ಅದರ ವೃದ್ಧಿಯನ್ನು ತಡೆಯುತ್ತದೆ. ಚಿಕಿತ್ಸೆಯೇ ಇಲ್ಲದಿದ್ದರೆ ಸೋಂಕಿರುವ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಸಾವಿನ ಸುದ್ದಿಯಾಗಿದ್ದ ಕಾಯಿಲೆ ಸಕ್ಕರೆ ಕಾಯಿಲೆಯಂತೆ ಜತೆಯಲ್ಲಿಟ್ಟುಕೊಂಡು ಬಾಳುವ ಕಾಯಿಲೆಯಾಯಿತು.

ಆದರೆ ಹೆಸರು ಅಷ್ಟು ಬೇಗ ಬದಲಾಗಲಿಲ್ಲ. ನಂದಿಕೂರಿನಂತಹ ಊರಿನ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಪಡುಬಿದ್ರಿಗೆ ಬಂದು ಉಡುಪಿಯ ಬಸ್ಸು ಹತ್ತಬೇಕು. ದಾರಿಯಲ್ಲಿ ಪರಿಚಯದವರು "ಎಲ್ಲಿಗೆ ಹೊರಟದ್ದು?" ಎಂದು ವಿಶ್ವಾಸದಿಂದಲೇ ಕೇಳುತ್ತಾರೆ. ಆಕೆಗೆ ಗುಳಿಗೆಗಿಂತ ಕಹಿಯಾದದ್ದು ಆ ಪ್ರಶ್ನೆಯ ಉತ್ತರ.

2017ರಲ್ಲಿ ಸಂಸತ್ತು ಅಂಗೀಕರಿಸಿದ ಹೆಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಸೋಂಕಿರುವವರಿಗೆ ಶಾಲೆ, ಉದ್ಯೋಗ, ಚಿಕಿತ್ಸೆಗಳಲ್ಲಿ ತಾರತಮ್ಯ ಮಾಡುವುದನ್ನೂ, ನಂಬಿ ಹೇಳಿದ ಗುಟ್ಟನ್ನು ಒಪ್ಪಿಗೆಯಿಲ್ಲದೆ ಬಯಲುಮಾಡುವುದನ್ನೂ ಅದು ನಿಷೇಧಿಸಿದೆ. ಕಾನೂನು ಬಾಯಿ ಮುಚ್ಚಿಸಬಲ್ಲದು. ಹೆಸರನ್ನು ಬದಲಿಸಬೇಕಾದವರು ನಾವು.