ಗಸಗಸೆ ಗಾತ್ರದ ಇಂಧನ: ಇಂಗಾಲ ಕವಚದ ಕಾಳುಗಳ ತಯಾರಿಕೆಯ ಇತಿಹಾಸ

ಅಧಿಕ ತಾಪದ ಹೀಲಿಯಂ ರಿಯಾಕ್ಟರಿನ ಇಂಧನಕ್ಕೆ ಲೋಹದ ಕೊಳವೆ ಇರುವುದಿಲ್ಲ. ಯುರೇನಿಯಂ ಕಾಳಿನ ಹೊದಿಕೆ ಬಹುಮಟ್ಟಿಗೆ ಇಂಗಾಲ, ಕಾಳುಗಳನ್ನು ಹಿಡಿದಿಡುವ ಗ್ರಾಫೈಟೂ ಇಂಗಾಲವೇ. ಬೇರೆ ರಿಯಾಕ್ಟರುಗಳಲ್ಲಿ ಜಿರ್ಕೋನಿಯಂ ಕೊಳವೆ ತಡೆದು ನಿಲ್ಲಿಸುವ ವಿಕಿರಣಶೀಲ ವಸ್ತುಗಳನ್ನು ಇಲ್ಲಿ ಗಸಗಸೆ ಗಾತ್ರದ ಒಂದೊಂದು ಕಾಳೂ ತನ್ನೊಳಗೇ ಹಿಡಿದಿಟ್ಟುಕೊಳ್ಳಬೇಕು.

ಇಂಗ್ಲೆಂಡಿನ ವಿನ್‌ಫ್ರಿತ್‌ನಲ್ಲಿ 1959ರಲ್ಲಿ ಹಲವು ಯುರೋಪಿಯನ್ ದೇಶಗಳು ಕೂಡಿ ಇಂಥ ರಿಯಾಕ್ಟರಿನ ಪ್ರಯೋಗಕ್ಕೆಂದು ಡ್ರಾಗನ್ ಯೋಜನೆಯನ್ನು ಆರಂಭಿಸಿದಾಗ ಇಂಥ ಹೊದಿಕೆಯ ಮೇಲೆ ಯಾರೂ ಪೂರ್ತಿ ಭರವಸೆ ಇಟ್ಟಿರಲಿಲ್ಲ. ಇಂಧನದಿಂದ ಹೊರಬೀಳುವ ವಿದಳನ ಉತ್ಪನ್ನಗಳನ್ನು ಹೀಲಿಯಂ ಹರಿಸಿ ಸಾಗಹಾಕುವುದು ಮೊದಲ ಆಲೋಚನೆ. ಹೊದಿಕೆ ಹಾಕಿದ ಕಾಳು ಯಶಸ್ವಿಯಾದ ಮೇಲೆ ಆ ಆಲೋಚನೆ ಹಿಂದೆ ಸರಿಯಿತು.

ಆದರೆ ದಾರಿ ಸಲೀಸಾಗಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1967ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಪೀಚ್ ಬಾಟಮ್ ರಿಯಾಕ್ಟರಿನ ಮೊದಲ ಇಂಧನದಲ್ಲಿ ಕಾಳಿಗೆ ಒಂದೇ ಪದರದ ಇಂಗಾಲ ಇತ್ತು. ನ್ಯೂಟ್ರಾನ್‌ಗಳ ಹೊಡೆತಕ್ಕೆ ಆ ಪದರ ಬಿರುಕು ಬಿಟ್ಟಿತು. ಒಳಗಿನ ಇಂಧನ ಉಬ್ಬಿ, 804 ಇಂಧನ ಘಟಕಗಳ ಪೈಕಿ 90ರ ಗ್ರಾಫೈಟ್ ಕವಚ ಸೀಳಿತು. ಎರಡನೆಯ ಬಾರಿ ಕಾಳಿನ ಮೈಗೆ ಮೊದಲು ಸಡಿಲವಾದ, ರಂಧ್ರಮಯ ಇಂಗಾಲದ ಪದರ ಕೊಟ್ಟರು. ಯುರೇನಿಯಂ ವಿದಳನದಿಂದ ಹುಟ್ಟುವ ಅನಿಲಕ್ಕೆ ಜಾಗ ಸಿಕ್ಕಿತು. 1974ರಲ್ಲಿ ಸ್ಥಾವರ ಮುಚ್ಚುವವರೆಗೂ ಆ ಇಂಧನ ಚೆನ್ನಾಗಿ ಬಾಳಿತು. ಆದರೂ ಕಾವು ಏರಿದಾಗ ಸ್ಟ್ರಾನ್ಷಿಯಂ, ಸೀಸಿಯಂನಂಥ ಲೋಹಗಳು ಇಂಗಾಲದ ಪದರವನ್ನು ದಾಟಿ ಬರುತ್ತವೆ. ಅವನ್ನು ತಡೆಯಲು ಡ್ರಾಗನ್ ಯೋಜನೆಯಲ್ಲಿ ಎರಡು ಇಂಗಾಲದ ಪದರಗಳ ನಡುವೆ ಸಿಲಿಕಾನ್ ಕಾರ್ಬೈಡ್ ಸೇರಿಸಲಾಯಿತು. ಟ್ರೈಸೋ ಎಂದು ಹೆಸರಾದ ಕಾಳು ಇದು.

ಇದರ ತಯಾರಿಕೆ ದ್ರವದಿಂದ ಶುರುವಾಗುತ್ತದೆ. ಯುರೇನೈಲ್ ನೈಟ್ರೇಟ್ ದ್ರಾವಣವನ್ನು ಕಂಪಿಸುವ ಸೂಜಿಬಾಯಿಯಿಂದ ಅಮೋನಿಯಾದೊಳಕ್ಕೆ ತೊಟ್ಟಿಕ್ಕಿಸಿದರೆ ಹನಿಗಳು ದುಂಡಗೆ ಗಟ್ಟಿಯಾಗುತ್ತವೆ. ಅವನ್ನು ತೊಳೆದು, ಒಣಗಿಸಿ, ಸುಟ್ಟರೆ ಸುಮಾರು ಅರ್ಧ ಮಿಲಿಮೀಟರಿನ ಗುಂಡುಗಳು. ಇವನ್ನು ಆಲಿಕೆಯಾಕಾರದ ತಳವಿರುವ ಕುಲುಮೆಗೆ ಸುರಿದು ಕೆಳಗಿನಿಂದ ಅನಿಲ ಊದುತ್ತಾರೆ. ಕಾಳುಗಳು ಕೊತಕೊತ ಕುದಿಯುವಂತೆ ಎದ್ದು ಬೀಳುತ್ತವೆ. ಅಸಿಟಿಲೀನ್ ಬಿಟ್ಟಾಗ 95 ಮೈಕ್ರಾನ್ ದಪ್ಪದ ಸಡಿಲ ಪದರ ಕೂರುತ್ತದೆ. ಪ್ರೊಪಿಲೀನ್ ಬಿಟ್ಟಾಗ 40 ಮೈಕ್ರಾನಿನ ಒತ್ತಾದ ಇಂಗಾಲ; ಬಳಿಕ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೀಥೈಲ್‌ಟ್ರೈಕ್ಲೋರೋಸಿಲೇನ್ ಒಡೆದು 35 ಮೈಕ್ರಾನಿನ ಸಿಲಿಕಾನ್ ಕಾರ್ಬೈಡ್; ಅದರ ಮೇಲೆ ಮತ್ತೆ ಇಂಗಾಲ.

ಜರ್ಮನಿಯಲ್ಲಿ ರುಡಾಲ್ಫ್ ಶುಲ್ಟನ್ ರೂಪಿಸಿದ ಯೂಲಿಷ್‌ನ ರಿಯಾಕ್ಟರಿಗೆ ಇಂಥ ಕಾಳುಗಳನ್ನು 60 ಮಿಲಿಮೀಟರಿನ ಗ್ರಾಫೈಟ್ ಚೆಂಡುಗಳಲ್ಲಿ ಹುದುಗಿಸಬೇಕಿತ್ತು. ಅಚ್ಚಿನಲ್ಲಿ ಒತ್ತುವಾಗ ಕಾಳಿಗೆ ಕಾಳು ತಾಗಿದರೆ ಕವಚ ಒಡೆಯುತ್ತದೆ. ಪರಿಹಾರ ಸರಳ: ಕಾಳುಗಳನ್ನು ಮೊದಲೇ ಉರುಳುವ ಪೀಪಾಯಿಯಲ್ಲಿ ಹಾಕಿ ಗ್ರಾಫೈಟ್ ಪುಡಿ ಮತ್ತು ರಾಳದ ಮಿಶ್ರಣ ಮೆತ್ತಿಸುವುದು. ಚೆಂಡಿನ ಹೊರಗಿನ 5 ಮಿಲಿಮೀಟರಿನಲ್ಲಿ ಒಂದು ಕಾಳೂ ಇರದಂತೆ ಒತ್ತಿ, ಕೊನೆಗೆ ಸುಮಾರು 1950 ಡಿಗ್ರಿಯಲ್ಲಿ ಕಾಯಿಸುತ್ತಿದ್ದರು.

ಜರ್ಮನಿ ಮತ್ತು ಅಮೆರಿಕ, ಎರಡೂ ಕಡೆ ಪದರಗಳ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಆದರೂ ವಿಕಿರಣ ಪರೀಕ್ಷೆಗಳಲ್ಲಿ ಜರ್ಮನ್ ಇಂಧನದಿಂದ ಸೋರಿದ ಅನಿಲ ಅಮೆರಿಕದ್ದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ. ಇಡೀ ಇತಿಹಾಸದಲ್ಲಿ ಹೆಚ್ಚು ಗಮನ ಬೇಡುವ ಸಂಗತಿ ಇದೇ. ಜರ್ಮನರು ಎಲ್ಲ ಪದರಗಳನ್ನೂ ಒಂದೇ ಕುಲುಮೆಯಲ್ಲಿ ನಿಲ್ಲಿಸದೆ ಹಾಕುತ್ತಿದ್ದರು; ಅಮೆರಿಕದಲ್ಲಿ ಅಳತೆ ನೋಡಲೆಂದು ನಡುನಡುವೆ ಕಾಳುಗಳನ್ನು ಹೊರತೆಗೆಯುತ್ತಿದ್ದರು. ಪದರ ಪದರಕ್ಕೆ ಇರುವ ಅಂಟು, ಸಿಲಿಕಾನ್ ಕಾರ್ಬೈಡ್ ಹರಳುಗಳ ಗಾತ್ರ ಎರಡೂ ಬೇರೆಯಾದವು. ಜರ್ಮನ್ ಕ್ರಮವನ್ನು ಅಮೆರಿಕವೂ ಅಳವಡಿಸಿಕೊಂಡಿತು. 2006ರಿಂದ 2009ರವರೆಗೆ ಐಡಾಹೋದಲ್ಲಿ ಸುಮಾರು 3 ಲಕ್ಷ ಕಾಳುಗಳನ್ನು ಪರೀಕ್ಷಿಸಿದಾಗ ಒಂದರ ಕವಚವೂ ಒಡೆಯಲಿಲ್ಲ.

ಜರ್ಮನಿಯ ರಿಯಾಕ್ಟರುಗಳು 1980ರ ದಶಕದ ಕೊನೆಗೆ ಮುಚ್ಚಿದವು. ಚೆಂಡಿನ ಪರಂಪರೆ ಮುಂದುವರಿದದ್ದು ಚೀನಾದಲ್ಲಿ. ಬಾವೊಟೌ ನಗರದ ಕಾರ್ಖಾನೆಯಲ್ಲಿ ತಯಾರಾಗುವ ಒಂದೊಂದು ಚೆಂಡಿನಲ್ಲೂ 7 ಗ್ರಾಂ ಯುರೇನಿಯಂ ಇರುತ್ತದೆ. ಇವನ್ನು ಉರಿಸುವ ಶಿದಾವೊ ಕೊಲ್ಲಿಯ ಅವಳಿ ರಿಯಾಕ್ಟರುಗಳಲ್ಲಿ 2023ರಲ್ಲಿ ಶಾಖ ಹೊರಸಾಗಿಸುವ ವ್ಯವಸ್ಥೆಯ ವಿದ್ಯುತ್ತನ್ನು ಬೇಕೆಂದೇ ಕಡಿದು ನೋಡಲಾಯಿತು. ತುರ್ತು ಶೀತಲೀಕರಣದ ನೆರವಿಲ್ಲದೆ ಎರಡೂ ತಾವಾಗಿಯೇ ತಣಿದವು.